ದುರ್ಗದಲ್ಲಿ ಒಂದು ರಾತ್ರಿ, ಒಳ್ಳೇ ಹಾಸಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗಕ್ಕೆ ಬರುವ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ರಾತ್ರಿ ಎಲ್ಲಿ ಮಲಗಬೇಕು, ರೂಮು ಹಿಡಿಯುವ ಮೊದಲು ಹಾಸಿಗೆಯನ್ನು ಹೇಗೆ ನೋಡಬೇಕು ಅಂತ ಹೇಳುವವರು ಕಡಿಮೆ. ಹಾಗಾಗಿ ಇಲ್ಲಿ ಆ ಮಾತೇ ಜಾಸ್ತಿ.

ಬೆಳಗ್ಗೆ ಬಂದು ಸಂಜೆ ವಾಪಸ್ ಹೋಗಬಹುದಲ್ವಾ? ರಾತ್ರಿ ಯಾಕೆ ಉಳಿಯಬೇಕು?

ಹೋಗಬಹುದು, ಎಷ್ಟೋ ಜನ ಹಾಗೇ ಮಾಡುತ್ತಾರೆ. ಆದರೆ ಕೋಟೆಯನ್ನು ಅವರು ಪೂರ್ತಿ ನೋಡಿರುವುದಿಲ್ಲ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 200 ಕಿ.ಮೀ. ಆರು ಗಂಟೆಗೆ ಹೊರಟು, ದಾರಿಯಲ್ಲಿ ತಿಂಡಿ ತಿಂದು, ಕೋಟೆ ಬಾಗಿಲಿಗೆ ಬರುವಷ್ಟರಲ್ಲಿ ಹತ್ತು ದಾಟಿರುತ್ತದೆ. ಅಷ್ಟೊತ್ತಿಗೆ ಬಂಡೆ ಕಾಯಲು ಶುರುವಾಗಿರುತ್ತದೆ. ಹನ್ನೊಂದಕ್ಕೆ ಕಾಲ ಕೆಳಗಿನಿಂದಲೂ ಬಿಸಿ, ತಲೆ ಮೇಲಿನಿಂದಲೂ ಬಿಸಿ. ಏಕನಾಥಮ್ಮನ ಗುಡಿಯವರೆಗೆ ಹೋಗಿ, ಎರಡು ಫೋಟೋ ತೆಗೆದು, ಎಳನೀರು ಹುಡುಕಿಕೊಂಡು ಇಳಿದುಬಿಡುತ್ತಾರೆ.

ಹಿಂದಿನ ರಾತ್ರಿಯೇ ಊರಲ್ಲಿದ್ದರೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಬಹುದು. ಗಾಳಿ ತಂಪಾಗಿರುತ್ತದೆ, ಜನ ಕಡಿಮೆ. ರಂಗಯ್ಯನ ಬಾಗಿಲು, ಕೋವಿ ಮದ್ದು ಬೀಸುವ ದೊಡ್ಡ ಕಲ್ಲುಗಳು, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಓಬವ್ವನ ಕಿಂಡಿ ಎಲ್ಲವನ್ನೂ ನಿಧಾನವಾಗಿ ನೋಡಲು ಮೂರು ನಾಲ್ಕು ಗಂಟೆ ಬೇಕು. ಅದಕ್ಕೆ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಆಗಿರಬೇಕು. ಹತ್ತಿ ಇಳಿದ ಮೇಲೆ ಇನ್ನೊಂದು ರಾತ್ರಿ ಉಳಿದರಂತೂ ಆ ಹಾಸಿಗೆಯ ಬೆಲೆ ನಿಮಗೇ ಗೊತ್ತಾಗುತ್ತದೆ.

ಕೋಟೆಯ ಒಳಗೇ, ಅಥವಾ ಯಾವುದಾದರೂ ಹಳೇ ಅರಮನೆಯಲ್ಲಿ ಉಳಿಯುವ ವ್ಯವಸ್ಥೆ ಇದೆಯಾ?

ಇಲ್ಲ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ಸಂಜೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ರಾಜಸ್ಥಾನದಲ್ಲಿ, ಅಷ್ಟು ದೂರ ಯಾಕೆ, ಮೈಸೂರಿನಲ್ಲೂ ಅರಮನೆಗಳು ಹೋಟೆಲ್ ಆಗಿವೆ. ದುರ್ಗದಲ್ಲಿ ಹಾಗಾಗಲಿಲ್ಲ. 1779ರಲ್ಲಿ ಹೈದರಾಲಿ ಕೊನೆಯ ಮದಕರಿ ನಾಯಕನಿಂದ ಕೋಟೆಯನ್ನು ಗೆದ್ದ ಮೇಲೆ ಪಾಳೆಯಗಾರರ ಆಳ್ವಿಕೆಯೇ ಮುಗಿಯಿತು. ಅರಮನೆ ಇದ್ದ ಜಾಗದಲ್ಲಿ ಈಗ ಉಳಿದಿರುವುದು ಎತ್ತರದ ಮಣ್ಣಿನ ಗೋಡೆಗಳು. ಇಷ್ಟು ವರ್ಷದ ಮಳೆ ಗಾಳಿಗೂ ಮಣ್ಣಿನ ಗೋಡೆ ನಿಂತಿದೆಯಲ್ಲ, ಅದನ್ನು ಹತ್ತಿರ ಹೋಗಿ ನೋಡಲೇಬೇಕು.

ಕೋಟೆಗೆ ಹತ್ತಿರ ಇರಬೇಕು ಅನ್ನುವವರಿಗೆ ಕೆಎಸ್‌ಟಿಡಿಸಿಯ, ಅಂದರೆ ರಾಜ್ಯ ಪ್ರವಾಸೋದ್ಯಮ ನಿಗಮದ, ಮಯೂರ ಹೋಟೆಲ್ ಇದೆ, ನಡೆದೇ ಹೋಗಬಹುದು. ಸರ್ಕಾರಿ ನೌಕರರಾಗಿದ್ದರೆ ಪ್ರವಾಸಿ ಮಂದಿರಕ್ಕೂ, ಅಂದರೆ ನಾವೆಲ್ಲ ಐಬಿ ಅನ್ನುವ ಕಡೆಗೂ, ಮೊದಲೇ ಅರ್ಜಿ ಹಾಕಿ ನೋಡಬಹುದು.

ಹಾಗಾದರೆ ಊರಿನ ಯಾವ ಭಾಗದಲ್ಲಿ ರೂಮು ಮಾಡಬೇಕು?

ಲಾಡ್ಜ್‌ಗಳು ಜಾಸ್ತಿ ಇರುವುದು ಬಿ.ಡಿ. ರಸ್ತೆ ಮತ್ತು ಬಸ್ ಸ್ಟ್ಯಾಂಡ್ ಸುತ್ತಮುತ್ತ. ಊಟ ತಿಂಡಿ, ಆಟೋ, ಮೆಡಿಕಲ್ ಶಾಪ್ ಎಲ್ಲ ಕೈಗೆ ಸಿಗುತ್ತವೆ. ಹೊಸದಾಗಿ ಕಟ್ಟಿದ ದೊಡ್ಡ ಹೋಟೆಲ್‌ಗಳಲ್ಲಿ ಕೆಲವು ಹೆದ್ದಾರಿಯ ಕಡೆ ಇವೆ. ಕಾರಿನಲ್ಲಿ ಬರುವವರಿಗೆ ಪಾರ್ಕಿಂಗ್ ಅನುಕೂಲ, ಹಾಸಿಗೆಯೂ ಸಾಮಾನ್ಯವಾಗಿ ಹೊಸದಿರುತ್ತದೆ. ನನ್ನನ್ನು ಕೇಳಿದರೆ ಊರೊಳಗೇ ಇರಿ. ಸಂಜೆ ಸಂತೆ ಹೊಂಡದ ಕಡೆ ಒಂದು ಸುತ್ತು ನಡೆದು ಬನ್ನಿ. ಮೇಲೆ ಬೆಟ್ಟದಲ್ಲಿ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ ತಂಗಿ ಹೊಂಡಕ್ಕೆ ಇಳಿದು, ಸಿಹಿನೀರು ಹೊಂಡ ದಾಟಿ ಈ ಸಂತೆ ಹೊಂಡಕ್ಕೆ ಬರುವ ಹಾಗೆ ಆಗಿನವರು ಮಾಡಿದ್ದಾರೆ. ಸಂಜೆ ಕೆಳಗಿನ ಹೊಂಡ ನೋಡಿ, ಮರುದಿನ ಬೆಳಗ್ಗೆ ಮೇಲಿನದನ್ನು ನೋಡಿದರೆ ಇಡೀ ಲೆಕ್ಕ ತಿಳಿಯುತ್ತದೆ.

ರೂಮು ತೋರಿಸುವಾಗ ಹಾಸಿಗೆಯಲ್ಲಿ ಏನು ನೋಡಬೇಕು?

ನಮ್ಮ ಜನ ರೂಮು ನೋಡಲು ಹೋದರೆ ಮೊದಲು ಬಾತ್‌ರೂಮಿನ ಬಾಗಿಲು ತೆಗೆಯುತ್ತಾರೆ, ಆಮೇಲೆ ಟಿವಿ ಇದೆಯಾ ನೋಡುತ್ತಾರೆ, ಫ್ಯಾನ್ ಹಾಕಿ ಸ್ಪೀಡ್ ನೋಡುತ್ತಾರೆ. ಎಂಟು ಗಂಟೆ ಮೈ ಚಾಚುವ ಹಾಸಿಗೆಯನ್ನು ಬರೀ ಕಣ್ಣಲ್ಲಿ ನೋಡಿ "ಸರಿ, ಚೆನ್ನಾಗಿದೆ" ಅಂದುಬಿಡುತ್ತಾರೆ. ಬಿಳಿ ಬೆಡ್‌ಶೀಟ್ ಹಾಕಿ ಬಿಗಿಯಾಗಿ ಎಳೆದಿದ್ದರೆ ಯಾವ ಹಾಸಿಗೆಯೂ ಚೆನ್ನಾಗೇ ಕಾಣುತ್ತದೆ.

ರೂಮ್ ಬಾಯ್ ಬಾಗಿಲಲ್ಲಿ ನಿಂತಿದ್ದರೂ ಸಂಕೋಚ ಬೇಡ. ಮೊದಲು ಮಂಚದ ಅಂಚಿನಲ್ಲಿ ಕೂತುಕೊಳ್ಳಿ. ಪೂರ್ತಿ ಕುಸಿದು ಮರದ ಪಟ್ಟಿ ತೊಡೆಗೆ ಒತ್ತಿದರೆ ಹಾಸಿಗೆ ಸತ್ತಿದೆ ಅಂತಲೇ ಅರ್ಥ. ಆಮೇಲೆ ಚಪ್ಪಲಿ ಬಿಟ್ಟು ಬೆನ್ನ ಮೇಲೆ ಮಲಗಿ. ಸೊಂಟದ ಕೆಳಗೆ ಕೈ ತೂರಿಸಿ ನೋಡಿ. ಕೈ ಸಲೀಸಾಗಿ ಆಚೆ ಈಚೆ ಹೋದರೆ ಹಾಸಿಗೆ ನಿಮಗೆ ತೀರಾ ಗಟ್ಟಿ. ಕೈ ತೂರಿಸಲೇ ಆಗದೆ ಸೊಂಟ ಹೂತುಹೋಗಿದ್ದರೆ ತೀರಾ ಮೆತ್ತಗೆ. ಒಂದು ಪಕ್ಕಕ್ಕೆ ಹೊರಳಿ, ಭುಜ ನೋಯುತ್ತದಾ ನೋಡಿ. ಡಬಲ್ ರೂಮ್ ಆದರೆ ನಡುವೆ ಗುಂಡಿ ಬಿದ್ದಿದೆಯಾ ಅಂತ ಅಂಗೈಯಲ್ಲಿ ಉದ್ದಕ್ಕೂ ಒತ್ತಿ ನೋಡಿ. ಗುಂಡಿ ಇದ್ದರೆ ರಾತ್ರಿಯಿಡೀ ಇಬ್ಬರೂ ಮಧ್ಯಕ್ಕೆ ಜಾರುತ್ತಿರುತ್ತೀರಿ. ಎರಡು ಸಿಂಗಲ್ ಹಾಸಿಗೆ ಜೋಡಿಸಿ ಡಬಲ್ ಮಾಡಿದ್ದಾರಾ ಅಂತಲೂ ನೋಡಿ. ನಡುವಿನ ಸಂದಿನಲ್ಲಿ ಮಲಗುವ ಮಗು ಪಾಪ, ನಿದ್ದೆ ಮಾಡುವುದಿಲ್ಲ.

ಕೊನೆಗೆ ತಲೆ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ. ಕೆಳಗೆ ರೆಕ್ಸಿನ್ ಕವರ್ ಇದೆಯಾ? ಬಹಳ ಲಾಡ್ಜ್‌ಗಳಲ್ಲಿ ಹಾಸಿಗೆ ಕೊಳೆಯಾಗದಿರಲಿ ಅಂತ ಹಾಕಿರುತ್ತಾರೆ. ಅವರ ಕಷ್ಟ ಅವರಿಗೆ, ಅದರಲ್ಲಿ ತಪ್ಪಿಲ್ಲ. ಆದರೆ ರೆಕ್ಸಿನ್ ಬೆವರು ಹೀರುವುದಿಲ್ಲ, ಹೊರಳಿದರೆ ಸದ್ದು ಮಾಡುತ್ತದೆ, ಬೆಡ್‌ಶೀಟ್ ಜಾರಿ ಒಂದು ಕಡೆ ಮುದ್ದೆಯಾಗುತ್ತದೆ. ಒಂದು ದಪ್ಪ ಹತ್ತಿ ಹೊದಿಕೆ ಅಥವಾ ಜಮಖಾನ ಕೇಳಿ ಪಡೆದು, ರೆಕ್ಸಿನ್ ಮೇಲೆ ಹಾಸಿ, ಅದರ ಮೇಲೆ ಬೆಡ್‌ಶೀಟ್ ಹಾಕಿಸಿ. ಇಷ್ಟಕ್ಕೇ ಹಾಸಿಗೆ ಬೇರೆಯೇ ಆಗುತ್ತದೆ. ಇಷ್ಟೆಲ್ಲ ನೋಡಲು ಐದು ನಿಮಿಷವೂ ಬೇಡ.

ಹತ್ತಿ, ತೆಂಗಿನ ನಾರು, ಫೋಮ್, ಸ್ಪ್ರಿಂಗ್: ಯಾವುದು ಒಳ್ಳೇದು?

ನಮ್ಮ ಸೀಮೆಗೆ ನನ್ನ ಮೊದಲ ಓಟು ಹತ್ತಿಗೆ, ಆದರೆ ಒಂದು ಷರತ್ತಿನ ಮೇಲೆ: ಬಿಸಿಲಿಗೆ ಹಾಕಿದ, ಹಿಂಜಿಸಿದ ಹತ್ತಿ ಆಗಿರಬೇಕು.

ದಾವಣಗೆರೆ ಬಟ್ಟೆ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಸುತ್ತಲಿನ ಕಪ್ಪು ನೆಲದಲ್ಲಿ ಹತ್ತಿ ಬೆಳೆಯುತ್ತಿದ್ದರು, ಹಾಗಾಗಿ ಈ ಭಾಗದ ಮನೆಗಳಲ್ಲಿ ಹತ್ತಿ ಹಾಸಿಗೆಯೇ ರೂಢಿ. ಹತ್ತಿ ಮೈಯ ಬೆವರು ಹೀರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಸಿ ಹಿಡಿಯುವುದಿಲ್ಲ. ಆದರೆ ಹೀರಿಕೊಂಡ ತೇವ ಒಳಗೇ ಉಳಿದರೆ ಹತ್ತಿ ಗಂಟು ಕಟ್ಟುತ್ತದೆ, ವಾಸನೆ ಬರುತ್ತದೆ. ಅದಕ್ಕೇ ಆಗಾಗ ಮಾಳಿಗೆ ಮೇಲೆ ಬಿಸಿಲಿಗೆ ಹಾಕಬೇಕು, ಕೆಲವು ವರ್ಷಕ್ಕೊಮ್ಮೆ ಹಿಂಜಿಸಬೇಕು. ಮೊದಲೆಲ್ಲ ಪಿಂಜಾರರು ಬಿಲ್ಲು ಹೊತ್ತುಕೊಂಡು ಬೀದಿಗೆ ಬರುತ್ತಿದ್ದರು. ಹಳೇ ಹಾಸಿಗೆಯ ಹೊಲಿಗೆ ಬಿಚ್ಚಿ ಹತ್ತಿಯನ್ನು ಅಂಗಳದಲ್ಲಿ ಸುರಿದು, ಬಿಲ್ಲಿನ ತಂತಿಗೆ ಮರದ ಗೂಟದಿಂದ ಹೊಡೆದರೆ ಗಂಟೆಲ್ಲ ಬಿಡಿಸಿಕೊಂಡು ಹತ್ತಿ ಮೇಲಕ್ಕೆ ಹಾರುತ್ತಿತ್ತು. ಒಂದು ಹಾಸಿಗೆಯ ಹತ್ತಿ ಇಡೀ ಅಂಗಳ ತುಂಬುತ್ತಿತ್ತು. ಅದನ್ನೇ ಮತ್ತೆ ತುಂಬಿ, ದಪ್ಪ ಸೂಜಿಯಲ್ಲಿ ಅಲ್ಲಲ್ಲಿ ಟಾಕಿ ಹಾಕಿದರೆ ಹೊಸ ಹಾಸಿಗೆ. ಈಗ ಆ ಕೆಲಸ ಮೆಷಿನ್‌ನಲ್ಲಿ ಆಗುತ್ತದೆ. ಹೀಗೆ ನೋಡಿಕೊಂಡ ಹತ್ತಿ ಹಾಸಿಗೆ ಇರುವ ಹಳೇ ಲಾಡ್ಜ್ ಸಿಕ್ಕರೆ ಬಿಡಬೇಡಿ. ನೋಡಿಕೊಳ್ಳದೆ ಬಿಟ್ಟ ಹತ್ತಿ ಹಾಸಿಗೆ ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು.

ತೆಂಗಿನ ನಾರಿನ ಹಾಸಿಗೆ ಗಟ್ಟಿ, ಒಳಗೆ ಗಾಳಿ ಆಡುತ್ತದೆ. ಬೆನ್ನಿಗೆ ಗಟ್ಟಿ ಬೇಕು ಅನ್ನುವವರಿಗೆ ಆಗಬಹುದು. ಫೋಮ್ ಕೂತ ಕೂಡಲೇ ಹಿತ ಅನ್ನಿಸುತ್ತದೆ, ಆದರೆ ಮೈಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಎಸಿ ಇಲ್ಲದ ರೂಮಿನಲ್ಲಿ ದಪ್ಪ ಫೋಮ್ ಹಾಸಿಗೆ ಬೇಡವೇ ಬೇಡ. ಸ್ಪ್ರಿಂಗ್‌ನಲ್ಲಿ ಒಂದೊಂದು ಸ್ಪ್ರಿಂಗ್‌ಗೂ ಬೇರೆ ಬೇರೆ ಚೀಲ ಹೊಲಿದಿರುವ ಬಗೆ ಒಳ್ಳೆಯದು. ಪಕ್ಕದಲ್ಲಿ ಮಲಗಿದವರು ಹೊರಳಿದರೆ ನಿಮಗೆ ಅಲುಗಾಟ ಗೊತ್ತಾಗುವುದಿಲ್ಲ.

ನನಗೆ ಬೆನ್ನು ನೋವು. ನೆಲದ ಮೇಲೆ, ಗಟ್ಟಿ ಹಾಸಿಗೆಯ ಮೇಲೆ ಮಲಗಬೇಕು ಅಂತಾರಲ್ಲ?

ಹಿರಿಯರು ಹಾಗೆ ಹೇಳುತ್ತಾ ಬಂದಿದ್ದಾರೆ, ಡಾಕ್ಟರುಗಳೂ ಹೇಳುತ್ತಿದ್ದರು. ಆದರೆ ಸ್ಪೇನ್‌ನಲ್ಲಿ ಬಹಳ ದಿನದಿಂದ ಸೊಂಟನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ಪರೀಕ್ಷೆ ಮಾಡಿದರು. ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಜಾಸ್ತಿ ಕಡಿಮೆಯಾಗಿತ್ತು. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂದಿದೆ. ಹಾಗಾಗಿ ರೂಮಿನ ಹಾಸಿಗೆ ಸ್ವಲ್ಪ ಮೆತ್ತಗಿದೆ ಅಂತ ಹೆದರಿ ನೆಲಕ್ಕೆ ಇಳಿಯಬೇಡಿ. ಬೆನ್ನ ಮೇಲೆ ಮಲಗುವವರು ಮೊಣಕಾಲ ಕೆಳಗೆ ಒಂದು ದಿಂಬು, ಪಕ್ಕಕ್ಕೆ ಮಲಗುವವರು ಎರಡು ಮೊಣಕಾಲ ನಡುವೆ ಒಂದು ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಆರಾಮ. ಚೆಕ್ ಇನ್ ಮಾಡುವಾಗಲೇ ಎರಡು ದಿಂಬು ಜಾಸ್ತಿ ಕೇಳಿಬಿಡಿ, ಯಾರೂ ಇಲ್ಲ ಅನ್ನುವುದಿಲ್ಲ.

ತಿಗಣೆ ಇದೆಯಾ ಅಂತ ಹೇಗೆ ತಿಳಿಯುವುದು?

ಹಾಸಿಗೆಯ ಅಂಚಿನ ಹೊಲಿಗೆ, ಮಂಚದ ಮೂಲೆಯ ಸಂದು, ತಲೆ ಹಲಗೆಯ ಹಿಂದೆ: ಈ ಮೂರು ಕಡೆ ಮೊಬೈಲ್ ಟಾರ್ಚ್ ಹಾಕಿ. ಸಣ್ಣ ಕಪ್ಪು ಚುಕ್ಕೆಗಳು, ಒಣಗಿದ ಕಂದು ಪೊರೆ ಕಂಡರೆ ತಿಗಣೆ ಇದೆ. ರೂಮು ನೋಡುವವರೆಗೆ ಬ್ಯಾಗನ್ನು ಮಂಚದ ಮೇಲೆ ಇಡಬೇಡಿ. ತಿಗಣೆ ಕಂಡರೆ ಪಕ್ಕದ ರೂಮು ಕೇಳಬೇಡಿ, ಗೋಡೆ ಸಂದಿನಲ್ಲಿ ಅಲ್ಲಿಗೂ ಹೋಗಿರುತ್ತವೆ. ಬೇರೆ ಮಹಡಿ ಕೇಳಿ, ಅಥವಾ ಬೇರೆ ಲಾಡ್ಜ್‌ಗೆ ಹೋಗಿ. ಊರಿಗೆ ಹೋದ ಮೇಲೆ ಬಟ್ಟೆಯನ್ನು ಕುದಿಯುವಂಥ ಬಿಸಿನೀರಲ್ಲಿ ನೆನೆಸಿ ಒಗೆಯಿರಿ.

ಹೊದಿಕೆ ಮನೆಯಿಂದ ತರಬೇಕಾ?

ಬೇಸಿಗೆಯಲ್ಲಿ ಒಂದು ತೆಳು ಹತ್ತಿ ಹೊದಿಕೆ ಇದ್ದರೆ ಸಾಕು. ಡಿಸೆಂಬರ್ ಜನವರಿಯಲ್ಲಿ ರಾತ್ರಿ ಚಳಿ ಇರುತ್ತದೆ, ಬೆಟ್ಟದ ಗಾಳಿಯೂ ಸೇರುತ್ತದೆ. ಇಲ್ಲಿಯ ಗಾಳಿಗೆ ಸುತ್ತಲ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದಾರೆ, ಬರುವಾಗ ನೀವೇ ನೋಡಿರುತ್ತೀರಿ. ಲಾಡ್ಜ್‌ನವರು ಕೊಡುವ ರಗ್ಗು ಒಗೆದು ಎಷ್ಟು ದಿನ ಆಯಿತೋ ಅನ್ನುವ ಯೋಚನೆ ಇರುವವರು ಅದರ ಒಳಗಡೆ ಒಂದು ಬೆಡ್‌ಶೀಟ್ ಸೇರಿಸಿ ಹೊದೆಯಬಹುದು.

ಸಮಯ ಇದ್ದರೆ ಚಳ್ಳಕೆರೆಯ ಕಂಬಳಿ ಒಂದನ್ನು ಕೊಂಡುಕೊಳ್ಳಿ. ಎಣ್ಣೆ ಗಿರಣಿಗಳ ಊರು ಅಂತ ಹೆಸರಿರುವ ಚಳ್ಳಕೆರೆಯಲ್ಲೇ ಕಂಬಳಿಯ ಸಂತೆಯೂ ನಡೆಯುತ್ತದೆ. ಕುರಿಯ ಉಣ್ಣೆಯಲ್ಲಿ ಕೈಯಿಂದ ನೇಯ್ದದ್ದು. ಮೊದಲು ಮೈಗೆ ಚುಚ್ಚುತ್ತದೆ, ವಾಸನೆಯೂ ಇರುತ್ತದೆ. ಬಳಸುತ್ತಾ ಬಳಸುತ್ತಾ ಹದಕ್ಕೆ ಬರುತ್ತದೆ, ವರ್ಷಗಟ್ಟಲೆ ಬಾಳುತ್ತದೆ.

ರಾತ್ರಿ ಗಲಾಟೆ ಇರುತ್ತದಾ?

ಮದುವೆ ಸೀಸನ್‌ನಲ್ಲಿ ಇರುತ್ತದೆ. ಬುಕ್ ಮಾಡುವಾಗ "ಹತ್ತಿರ ಕಲ್ಯಾಣ ಮಂಟಪ ಇದೆಯಾ, ನಮ್ಮ ರೂಮಿನ ಕಿಟಕಿ ಯಾವ ಕಡೆಗೆ?" ಅಂತ ಕೇಳಿ. ಆರತಕ್ಷತೆಯ ಆರ್ಕೆಸ್ಟ್ರಾ ಮುಗಿಯುವ ಹೊತ್ತಿಗೆ ಅಡುಗೆಯವರ ಪಾತ್ರೆ ಸದ್ದು ಶುರುವಾಗುತ್ತದೆ. ರಸ್ತೆ ಕಡೆಯ ರೂಮಿಗಿಂತ ಹಿಂದಿನ ರೂಮು ಒಳ್ಳೆಯದು, ಲಿಫ್ಟ್ ಮತ್ತು ಜನರೇಟರ್‌ನಿಂದ ದೂರ ಇದ್ದರೆ ಇನ್ನೂ ಒಳ್ಳೆಯದು.

ಬಿಸಿನೀರು?

ಬಹಳ ಕಡೆ ಬೆಳಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಅಂತ ಇರುತ್ತದೆ. ನೀವು ಕೋಟೆ ಹತ್ತಿ ಬೆವರಿ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ರೂಮಲ್ಲೇ ಗೀಸರ್ ಇದೆಯಾ ಅಂತ ಮೊದಲೇ ಕೇಳಿ. ಹತ್ತಿ ಇಳಿದ ಕಾಲಿಗೆ ಬಿಸಿನೀರು ಬಿದ್ದರೆ ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಕಡಿಮೆಯಾಗುತ್ತದೆ.

ಯಾವ ತಿಂಗಳು ಬರುವುದು ಒಳ್ಳೆಯದು? ರೂಮು ಯಾವಾಗ ಸಿಗುವುದಿಲ್ಲ?

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ಆದ ಮೇಲೆ ಹೊಂಡಗಳಲ್ಲಿ ನೀರು ನೋಡಬಹುದು, ಆದರೆ ಒದ್ದೆ ಬಂಡೆ ಜಾರುತ್ತದೆ, ಹುಷಾರು. ದಸರಾ ಹೊತ್ತಿಗೆ ಮುರುಘಾಮಠದ ಶರಣ ಸಂಸ್ಕೃತಿ ಉತ್ಸವ, ಗಣಪತಿ ಹಬ್ಬದ ನಂತರ ಹಿಂದೂ ಮಹಾಗಣಪತಿ ಶೋಭಾಯಾತ್ರೆ, ಮಾರ್ಚ್ ಹೊತ್ತಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ನಡೆಯುತ್ತವೆ. ಆ ದಿನಗಳಲ್ಲಿ ಮೊದಲೇ ಬುಕ್ ಮಾಡದೆ ಬಂದರೆ ಕಷ್ಟ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುವಾಗಲೂ ಹೀಗೇ.

ದಾವಣಗೆರೆಯಲ್ಲಿ ಉಳಿದು ಚಿತ್ರದುರ್ಗ ನೋಡಿ ಬರಬಹುದಾ?

ಬರಬಹುದು. ಎರಡೂ ಊರಿಗೆ ಸುಮಾರು 60 ಕಿ.ಮೀ., ಕಾರಲ್ಲಿ ಒಂದು ಗಂಟೆ. ದಾವಣಗೆರೆ ದೊಡ್ಡ ವ್ಯಾಪಾರದ ಊರು, ಹೋಟೆಲ್‌ಗಳ ಆಯ್ಕೆ ಜಾಸ್ತಿ, ದೊಡ್ಡ ಹೋಟೆಲ್‌ಗಳ ಹಾಸಿಗೆಯೂ ಚೆನ್ನಾಗಿರುತ್ತದೆ. ರೈಲಲ್ಲಿ ಬರುವವರಿಗೂ ಅದೇ ಅನುಕೂಲ. ಅದು ಬೆಂಗಳೂರು ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿದೆ. ಚಿತ್ರದುರ್ಗ ಚಿಕ್ಕಜಾಜೂರಿನಿಂದ ಕವಲಾಗುವ ಮಾರ್ಗದಲ್ಲಿದೆ, ರೈಲು ಕಡಿಮೆ. ಬೆಳಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ಮಧ್ಯೆ ಹರಿಹರದ ಹರಿಹರೇಶ್ವರ ದೇವಸ್ಥಾನ ಅಂತ ಇಟ್ಟುಕೊಂಡರೆ ಅಲ್ಲೂ ಒಂದು ದಿನ ಚೆನ್ನಾಗಿ ಕಳೆಯುತ್ತದೆ.

ಆದರೆ ಕೋಟೆಗಾಗಿಯೇ ಬರುವವರು ದುರ್ಗದಲ್ಲೇ ಮಲಗಬೇಕು ಅನ್ನುವುದು ನನ್ನ ಮಾತು. ಬೆಳಗಿನ ಆ ಒಂದು ಗಂಟೆಯನ್ನು ಹೆದ್ದಾರಿಯಲ್ಲಿ ಕಳೆದರೆ ತಂಪು ಹೊತ್ತೆಲ್ಲ ಹೋಯಿತು.

ವಯಸ್ಸಾದ ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದಾರೆ. ಏನು ಮಾಡುವುದು?

ರೂಮು ಕೆಳಗಿನ ಮಹಡಿಯಲ್ಲಿ, ಅಥವಾ ಲಿಫ್ಟ್ ಇರುವ ಕಡೆ ಹಿಡಿಯಿರಿ. ಕೋಟೆ ಹತ್ತಿ ಬಂದ ದಿನ ಮೂರು ಮಹಡಿ ಮೆಟ್ಟಿಲು ಯಾರಿಗೂ ಬೇಡ. ಮಂಚದ ಎತ್ತರವನ್ನೂ ನೋಡಿ. ಕೂತಾಗ ಪಾದ ನೆಲಕ್ಕೆ ಊರಬೇಕು, ಇಲ್ಲದಿದ್ದರೆ ರಾತ್ರಿ ಎದ್ದು ಹೋಗುವ ಹಿರಿಯರಿಗೆ ತೊಂದರೆ. ಕಮೋಡ್ ಇದೆಯಾ ಕೇಳಿ.

ಕೋಟೆಯಲ್ಲಿ ಅವರು ಮೊದಲ ಬಾಗಿಲುಗಳು, ಮದ್ದು ಬೀಸುವ ಕಲ್ಲಿನವರೆಗೆ ಆರಾಮಾಗಿ ಬರಬಹುದು. ಅಲ್ಲಿಂದ ಮುಂದೆ ಏರು ಜಾಸ್ತಿ. ತುಪ್ಪದ ಕೊಳದ ಬತೇರಿಗೆ, ಅಂದರೆ ಮೇಲಿನ ಕಾವಲು ಬುರುಜಿಗೆ, ಬಂಡೆಯಲ್ಲಿ ಕೊರೆದ ಹಿಡಿಗಳನ್ನೇ ನಂಬಿ ಹತ್ತಬೇಕು, ಅದು ಅವರಿಗೆ ಬೇಡ. ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸದೆ ಬರಬೇಡಿ. ಗಂಡ ಊಟಕ್ಕೆ ಬಂದಿದ್ದಾಗ ನೀರು ತರಲು ಹೋದ ಹೆಂಗಸು, ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಲ್ಲಿ ಹೊಡೆದಳು. ಮಕ್ಕಳು ಅದರೊಳಗೆ ಬಗ್ಗಿ ನುಸುಳಿ ನೋಡಿದರೆ ಆ ಕಥೆ ಹೇಗೆ ನಡೆದಿರಬಹುದು ಅಂತ ಅವರಿಗೇ ತಿಳಿಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಬಾಡಿಗೆ ಜೊತೆ ಟ್ಯಾಕ್ಸ್ ಎಷ್ಟು? ಏನೇನು ದಾಖಲೆ ಬೇಕು?

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಬಿಲ್ ಕೇಳಿ ಪಡೆಯಿರಿ. ಉಳಿಯುವ ದೊಡ್ಡವರೆಲ್ಲರ ಗುರುತಿನ ಚೀಟಿ ಇಟ್ಟುಕೊಳ್ಳಿ. ಚೆಕ್ ಔಟ್ 24 ಗಂಟೆ ಲೆಕ್ಕವೋ, ಮಧ್ಯಾಹ್ನ 12ಕ್ಕೋ ಅಂತ ಮೊದಲೇ ಕೇಳಿ. ಕೋಟೆ ನೋಡಿ ಬರುವಷ್ಟರಲ್ಲಿ ಹನ್ನೊಂದಾಗುತ್ತದೆ, ಸ್ನಾನ ಮಾಡಿ ಒಂದು ಗಂಟೆ ಮೈ ಚಾಚಲು ಹೊತ್ತು ಬೇಕಲ್ವಾ? 24 ಗಂಟೆ ಲೆಕ್ಕದ ಲಾಡ್ಜ್‌ಗೆ ಮಧ್ಯಾಹ್ನ ಮೂರಕ್ಕೆ ಬಂದು ಸೇರಿದರೆ ಮರುದಿನದ ನಿದ್ದೆಯೂ ಸಿಗುತ್ತದೆ.

ಎರಡನೇ ದಿನ ಏನು ನೋಡಬಹುದು?

ಚಂದ್ರವಳ್ಳಿ ಮೊದಲು. ಊರಿಗೆ ಅಂಟಿಕೊಂಡೇ ಇದೆ. ಕದಂಬರ ಮಯೂರಶರ್ಮ ಕೆರೆ ಮಾಡಿಸಿದ ವಿಷಯ ಇರುವ 4ನೇ ಶತಮಾನದ ಶಾಸನ ಅಲ್ಲಿಯ ಬಂಡೆ ಮೇಲಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆತ ಮಾಡಿಸಿದರು. ಇಲ್ಲಿಯ ಮಣ್ಣಲ್ಲಿ ಶಾತವಾಹನರ ನಾಣ್ಯವೂ ಸಿಕ್ಕಿದೆ, ರೋಮ್‌ನ ನಾಣ್ಯವೂ ಸಿಕ್ಕಿದೆ. ಅಂಕಲಿ ಮಠದ ಗುಹೆಗಳಿಗೆ ಟಾರ್ಚ್ ಬೇಕು. ಗುಹೆಯೊಳಗೆ ಕಲ್ಲಿನ ಕಟ್ಟೆಗಳಿವೆ, ಎಂಥ ಬೇಸಿಗೆಯಲ್ಲೂ ಒಳಗೆ ತಂಪು.

ಸಂಜೆಗೆ ಜೋಗಿಮಟ್ಟಿ ಬೆಟ್ಟ, ಅಥವಾ ಹಿರಿಯೂರು ಕಡೆ ಹೋಗುವವರಾದರೆ ವಾಣಿವಿಲಾಸ ಸಾಗರ. ವೇದಾವತಿಗೆ ಕಟ್ಟಿದ ಅಣೆಕಟ್ಟು ಮುಗಿದಿದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಮ್ಮ ಬಯಲುಸೀಮೆಗೆ ಅದು ಹಬ್ಬವೇ ಆಗಿತ್ತು, ಊರೂರಿಂದ ಜನ ನೋಡಲು ಹೋದರು.

ರಾತ್ರಿ ಮಲಗಿದ ಮೇಲೆ ಹಾಸಿಗೆ ಸರಿ ಇಲ್ಲ ಅಂತ ಗೊತ್ತಾದರೆ?

ಆಗಲೇ ಕೆಳಗೆ ಫೋನ್ ಮಾಡಿ, ಬೆಳಗ್ಗೆವರೆಗೆ ಸಹಿಸಿಕೊಂಡು ಆಮೇಲೆ ಜಗಳಕ್ಕೆ ಹೋಗಬೇಡಿ. ಕೌಂಟರ್‌ನಲ್ಲಿ ಇರುವವರು ಹೆಚ್ಚಿನವರು ಇಲ್ಲಿಯದೇ ಹುಡುಗರು. "ಅಣ್ಣ, ಬೆನ್ನು ಹಿಡಿದುಕೊಂಡಿದೆ, ಬೇರೆ ಹಾಸಿಗೆ ಇದ್ದರೆ ನೋಡಪ್ಪ" ಅಂದರೆ ಖಾಲಿ ರೂಮಿನದನ್ನಾದರೂ ಎತ್ತಿ ತಂದು ಹಾಕುತ್ತಾರೆ. ಬೇರೆ ಇಲ್ಲದಿದ್ದರೆ ಇರುವ ಹಾಸಿಗೆಯನ್ನೇ ತಲೆ ಕಡೆ ಕಾಲು ಕಡೆ ಬದಲಾಯಿಸಿ ಹಾಕಿಸಿ. ಗುಂಡಿ ಬಿದ್ದಿರುವುದು ಸಾಮಾನ್ಯವಾಗಿ ಸೊಂಟದ ಜಾಗದಲ್ಲಿ, ತಿರುಗಿಸಿದರೆ ಅದು ಬೇರೆ ಕಡೆಗೆ ಹೋಗುತ್ತದೆ. ಗುಂಡಿ ನಟ್ಟನಡುವೆ ಇದ್ದರೆ ಒಂದು ರಗ್ಗನ್ನು ನಾಲ್ಕು ಮಡಿಕೆ ಮಾಡಿ ಬೆಡ್‌ಶೀಟಿನ ಕೆಳಗೆ ಆ ಜಾಗಕ್ಕೆ ತುಂಬಿಸಿ. ಬೆಳಗ್ಗೆ ಹೊರಡುವಾಗ ಆ ರೂಮಿನ ನಂಬರ್ ಸಮೇತ ಮ್ಯಾನೇಜರ್‌ಗೆ ಹೇಳಿ ಹೋಗಿ, ಮುಂದೆ ಬರುವವರಿಗೆ ಅನುಕೂಲ ಆಗುತ್ತದೆ.